ದರಕಿನೊಳಗಿನ ನುಸಿ ನೋಡಲು ಅಗ್ಗದ ಯುಎಸ್‌ಬಿ ಮೈಕ್ರೋಸ್ಕೋಪ್: ಅಡಿಕೆ ತೋಟದಿಂದ ಒಂದು ವಿಮರ್ಶೆ

ಡಬ್ಬಿಯ ಮೇಲೆ 1600 ಪಟ್ಟು ಅಂತ ದಪ್ಪ ಅಕ್ಷರದಲ್ಲಿ ಬರೆದಿರುತ್ತದೆ. ಅದನ್ನು ನಂಬಿ ಕೊಳ್ಳಬೇಡಿ. ಆದರೆ ಬೆಟ್ಟದ ದರಕಿನಲ್ಲಿ (ಉದುರಿದ ಒಣ ಎಲೆಯಲ್ಲಿ), ತೋಟದ ಮಣ್ಣಿನಲ್ಲಿ, ಗೊಬ್ಬರಗುಂಡಿಯಲ್ಲಿ ಯಾರೆಲ್ಲ ವಾಸವಾಗಿದ್ದಾರೆ ಅಂತ ಕಣ್ಣಾರೆ ನೋಡುವ ಆಸೆ ಇದ್ದರೆ ಖಂಡಿತ ಕೊಳ್ಳಿ. ಎರಡು ಸಾವಿರ ರೂಪಾಯಿ ಒಳಗೆ ಸಿಗುವ ಸಾಮಾನುಗಳಲ್ಲಿ ನನಗೆ ಇಷ್ಟು ಖುಷಿ ಕೊಟ್ಟದ್ದು ಬೇರೆ ಇಲ್ಲ.

ನಾನು ಹೇಳುತ್ತಿರುವುದು ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ ಇರುವ, ಟಾರ್ಚಿನ ಹಾಗೆ ಕೈಯಲ್ಲಿ ಹಿಡಿಯುವ ಡಿಜಿಟಲ್ ಮೈಕ್ರೋಸ್ಕೋಪ್ ಬಗ್ಗೆ. ತುದಿಯಲ್ಲಿ ಲೆನ್ಸಿನ ಸುತ್ತ ಎಂಟು ಎಲ್‌ಇಡಿ ದೀಪ. ಬೆಳಕು ಹೆಚ್ಚು ಕಡಿಮೆ ಮಾಡಲು ವೈರಿನಲ್ಲಿ ಒಂದು ಚಕ್ರ. ನಡುವೆ ಫೋಕಸ್ ತಿರುಗಿಸುವ ಉಂಗುರ. ಒಂದು ಸಣ್ಣ ಸ್ಟ್ಯಾಂಡು. ಆನ್‌ಲೈನ್ ಅಂಗಡಿಗಳಲ್ಲಿ ಇದು ಹತ್ತಾರು ಹೆಸರಿನಲ್ಲಿದೆ, ರೂಪ ಮಾತ್ರ ಹೆಚ್ಚುಕಡಿಮೆ ಒಂದೇ. ಅದಕ್ಕೇ ನಾನು ಕಂಪನಿ ಹೆಸರು ಹೇಳುವ ಗೋಜಿಗೆ ಹೋಗುವುದಿಲ್ಲ. ಆ್ಯಂಡ್ರಾಯ್ಡ್ ಫೋನಿಗೆ ಓಟಿಜಿ (ಹೊರಗಿನ ಯುಎಸ್‌ಬಿ ಸಾಧನ ಜೋಡಿಸುವ ಸೌಲಭ್ಯ) ಇದ್ದರೆ ಸಾಕು, ಇಲ್ಲವಾದರೆ ಲ್ಯಾಪ್‌ಟಾಪಿಗೆ ಚುಚ್ಚಬಹುದು.

ನಮ್ಮದು ಶಿರಸಿ ಕಡೆಯ ಅಡಿಕೆ ತೋಟ. ತೋಟದ ಮೇಲೆ ಸೊಪ್ಪಿನ ಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡು. ಚಳಿಗಾಲ ಮುಗಿಯುತ್ತ ಬಂದ ಹಾಗೆ ಅಲ್ಲಿ ದರಕು ಗುಡಿಸಿ ತರುತ್ತೇವೆ. ಅದರಲ್ಲಿ ಅರ್ಧ ಕೊಟ್ಟಿಗೆಗೆ ಹೋಗಿ ಗೊಬ್ಬರವಾಗುತ್ತದೆ, ಇನ್ನರ್ಧ ನೇರ ಮರದ ಬುಡಕ್ಕೆ. ತಲೆಮಾರುಗಳಿಂದ ನಡೆದುಬಂದ ಕೆಲಸ ಇದು. ಒಣಗಿ ಗರಿಗರಿ ಎನ್ನುವ ಎಲೆ ಕಪ್ಪು ಮಣ್ಣಾಗುವವರೆಗೆ ಅದನ್ನು ಯಾರು ಯಾರು ತಿನ್ನುತ್ತಾರೆ ಅಂತ ನನಗೆ ನೋಡಬೇಕಿತ್ತು. ಎರೆಹುಳು, ಗೆದ್ದಲು ಬರಿಗಣ್ಣಿಗೆ ಕಾಣುತ್ತವೆ. ನುಸಿ, ಅಂದರೆ ಜೇಡದ ಬಳಗದ ಪುಟಾಣಿ ಜೀವಿ (ಮೈಟ್), ಕಾಣುವುದಿಲ್ಲ. ನುಸಿ ಅಂದ ಕೂಡಲೇ ನಮ್ಮ ಕಡೆ ನೆನಪಾಗುವುದು ತೆಂಗಿನಕಾಯಿ ಹಾಳು ಮಾಡಿದ ನುಸಿ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡು ನಮ್ಮ ತೆಂಗಿಗೂ ಬಂದ ಪೀಡೆ ಅದು. ಮಣ್ಣಿನ ನುಸಿಗಳ ಕೆಲಸ ಬೇರೆ. ಒಬ್ಬೊಬ್ಬರದೂ ಒಂದೊಂದು ಥರ. ಇದು ನನಗೆ ಮನದಟ್ಟಾದದ್ದು ಈ ಯಂತ್ರ ಬಂದ ಮೇಲೆ.

ಮೊದಲು ಆ 1600ರ ಲೆಕ್ಕ ಮುಗಿಸುತ್ತೇನೆ. ಶಾಲೆ ಮಕ್ಕಳ ಸ್ಟೀಲ್ ಸ್ಕೇಲನ್ನು ಲೆನ್ಸಿನ ಕೆಳಗೆ ಇಟ್ಟು ನೋಡಿದೆ. ಅತಿ ಹತ್ತಿರದ ಫೋಕಸಿನಲ್ಲಿ ಒಂದು ಮಿಲಿಮೀಟರ್ ಗೆರೆ ಪರದೆಯ ಮುಕ್ಕಾಲು ಭಾಗ ತುಂಬಿತು. ನನ್ನ ಫೋನಿನ ಪರದೆ ಸುಮಾರು 15 ಸೆಂ.ಮೀ. ಉದ್ದ. ಮುಕ್ಕಾಲು ಅಂದರೆ 11 ಸೆಂ.ಮೀ. ಚಿಲ್ಲರೆ. ಒಂದು ಮಿಲಿಮೀಟರ್ 11 ಸೆಂ.ಮೀ. ಆಗಿ ಕಂಡರೆ ಅದು 110 ಪಟ್ಟು. ಲ್ಯಾಪ್‌ಟಾಪಿನ ದೊಡ್ಡ ಪರದೆಯಲ್ಲಿ ಇನ್ನೂರು ದಾಟುತ್ತದೆ, ಆದರೆ ಹೊಸ ವಿವರ ಏನೂ ಸಿಗುವುದಿಲ್ಲ, ಚಿತ್ರ ಬರೀ ಹಿಗ್ಗುತ್ತದೆ. ಈ ಪರೀಕ್ಷೆಯನ್ನು ಯಾರು ಬೇಕಾದರೂ ಮನೆಯಲ್ಲೇ ಮಾಡಬಹುದು. ಡಬ್ಬಿಯ ಮಾತಿಗಿಂತ ನಿಮ್ಮ ಸ್ಕೇಲನ್ನು ನಂಬಿ.

ಇನ್ನೊಂದು ವಿಷಯ ಗಮನದಲ್ಲಿರಲಿ. ಈ ಯಂತ್ರಕ್ಕೆ ಫೋಕಸ್ ಎರಡು ಕಡೆ ಸಿಗುತ್ತದೆ. ವಸ್ತುವಿನಿಂದ ದೂರ ಇದ್ದಾಗ ಒಂದು, ಆಗ ಇಡೀ ಎಲೆಯ ತುಣುಕು ಕಾಣುತ್ತದೆ. ಮೂತಿ ತಾಗುವಷ್ಟು ಹತ್ತಿರ ಬಂದಾಗ ಇನ್ನೊಂದು. ನಡುವೆ ಎಲ್ಲಾ ಮಸುಕು. ಉಂಗುರ ತಿರುಗಿಸಿ ತಿರುಗಿಸಿ ಏನೂ ಕಾಣದೆ ಬೇಸರಪಡುವವರಿಗೆ ಇದಿಷ್ಟು ಗೊತ್ತಿದ್ದರೆ ಸಾಕು.

ನೂರು ಪಟ್ಟು ಸಾಕಾ? ಮಣ್ಣಿನ ನುಸಿಗೆ ಧಾರಾಳ ಸಾಕು. ಇವುಗಳಲ್ಲಿ ಹೆಚ್ಚಿನವು 0.2 ಮಿ.ಮೀ.ನಿಂದ 1 ಮಿ.ಮೀ. ನಡುವೆ ಇರುತ್ತವೆ. 0.3 ಮಿ.ಮೀ.ನ ನುಸಿ ಪರದೆಯ ಕಾಲು ಭಾಗ ಬರುತ್ತದೆ. ಎಂಟು ಕಾಲು ಎಣಿಸಬಹುದು, ಬೆನ್ನಿನ ಕೂದಲು ಕಾಣುತ್ತದೆ. ದೊಡ್ಡವರ ಪೈಕಿ ಇಂದ್ರಗೋಪ ಇದೆ ಅಲ್ವಾ, ಮೊದಲ ಮಳೆ ಬಿದ್ದಾಗ ನೆಲದ ಮೇಲೆ ಕೆಂಪು ಮಖಮಲ್ಲಿನಂತೆ ಓಡಾಡುವುದು, ಅದೂ ಮಣ್ಣಿನ ನುಸಿಯೇ. ಅದು ಒಂದು ಸೆಂಟಿಮೀಟರಿನವರೆಗೂ ಬೆಳೆಯುತ್ತದೆ, ಬರಿಗಣ್ಣೇ ಸಾಕು. ಆದರೂ ಒಮ್ಮೆ ಇದರ ಕೆಳಗೆ ನೋಡಿ. ಆ ಮಖಮಲ್ಲಿನ ಒಂದೊಂದು ಎಳೆಯೂ ಬೇರೆ ಬೇರೆ ನಿಂತಿರುತ್ತದೆ.

ಯಂತ್ರ ಕೊಂಡರಷ್ಟೇ ಸಾಲದು, ನುಸಿಯನ್ನು ಹಿಡಿಯುವ ಲಾಳಿಕೆಯೂ ಬೇಕು. ಇದಿಲ್ಲದೆ ದರಕನ್ನು ಹಾಗೇ ಲೆನ್ಸಿನ ಕೆಳಗೆ ಇಟ್ಟರೆ ಎಲೆಯ ನರ ನೋಡಿ ಸುಮ್ನೆ ಎದ್ದು ಬರಬೇಕಾಗುತ್ತದೆ. ಇಟಲಿಯ ಅಂತೋನಿಯೋ ಬರ್ಲೇಸೆ 1905ರಲ್ಲಿ ಈ ಉಪಾಯ ಮಾಡಿದ. ಅವನು ಲಾಳಿಕೆಯ ಸುತ್ತ ಬಿಸಿನೀರು ಇಟ್ಟಿದ್ದ. ಸ್ವೀಡನ್ನಿನ ಆಲ್ಬರ್ಟ್ ಟುಲ್‌ಗ್ರೆನ್ 1918ರಲ್ಲಿ ಬಿಸಿನೀರಿನ ಬದಲು ಬಲ್ಬು ತಂದ. ಇವತ್ತಿಗೂ ಪ್ರಯೋಗಾಲಯಗಳಲ್ಲಿ ಬಳಸುವುದು ಅದನ್ನೇ. ನಮಗೆ ಎರಡು ಲೀಟರಿನ ತಂಪು ಪಾನೀಯದ ಬಾಟಲಿ ಸಾಕು. ಮೇಲಿನ ಭಾಗ ಕತ್ತರಿಸಿ, ತಲೆಕೆಳಗು ಮಾಡಿ, ಒಳಗೆ ಒಂದೆರಡು ಮಿಲಿಮೀಟರ್ ಕಣ್ಣಿನ ಜಾಲರಿ ಇಟ್ಟು, ಅದರ ಮೇಲೆ ದರಕು ಹಾಕುವುದು. ಮೇಲಿನಿಂದ ಸಣ್ಣ ತಂತಿ ಬಲ್ಬಿನ ಶಾಖ. ಎಲ್‌ಇಡಿ ಬಲ್ಬು ಬೇಡ, ಅದರಲ್ಲಿ ಬೇಕಾದಷ್ಟು ಬಿಸಿ ಬರುವುದಿಲ್ಲ. ದರಕು ಮೇಲಿನಿಂದ ಒಣಗುತ್ತ ಬಂದ ಹಾಗೆ ಒಳಗಿದ್ದವರೆಲ್ಲ ತೇವ ಹುಡುಕಿಕೊಂಡು ಕೆಳಕ್ಕೆ ಇಳಿಯುತ್ತಾರೆ, ಕೊನೆಗೆ ಬಾಟಲಿಯ ಬಾಯಿಂದ ಕೆಳಗಿನ ಬಟ್ಟಲಿಗೆ ಬೀಳುತ್ತಾರೆ.

ಶಾಖ ನಿಧಾನ ಇರಲಿ. ಬೇಗ ಒಣಗಿಸಿದರೆ ಓಡುವ ಜಾತಿಯವು ಮಾತ್ರ ಬಂದು, ನಿಧಾನದವು ಅಲ್ಲೇ ಸತ್ತುಹೋಗುತ್ತವೆ. ದರಕಿಗೆ ಒಂದೆರಡು ದಿನ, ಮಣ್ಣಿಗೆ ಅದಕ್ಕಿಂತ ಜಾಸ್ತಿ. ಮಣ್ಣಿನ ಹೆಂಟೆ ಆದರೆ ತಲೆಕೆಳಗಾಗಿ ಇಡಿ. ಮೇಲ್ಪದರದ ದೊಡ್ಡ ರಂಧ್ರಗಳು ಕೆಳಗೆ ಬಂದು, ಹೊರಬರಲು ದಾರಿ ಸಲೀಸಾಗುತ್ತದೆ. ಜೀವಂತ ನೋಡಬೇಕಾದರೆ ಬಟ್ಟಲಿನಲ್ಲಿ ಒದ್ದೆ ಕಾಗದ ಇಡಿ. ಸಂಗ್ರಹಿಸಿ ಇಡಬೇಕಾದರೆ ಮೆಡಿಕಲ್ ಅಂಗಡಿಯ ಸ್ಪಿರಿಟ್ ನಡೆಯುತ್ತದೆ, ಆದರೆ ಸ್ಪಿರಿಟ್ ಹತ್ತಿರ ಬಿಸಿ ಬಲ್ಬು ಬಿಟ್ಟು ಆಚೆ ಹೋಗಬೇಡಿ. ಬೆಂಕಿಯ ಸಾಮಾನು ಅದು.

ಈಗ ಕಂಡದ್ದನ್ನು ಹೇಳುತ್ತೇನೆ. ಬೆಟ್ಟದ ದರಕಿನ ಮೇಲ್ಪದರದಲ್ಲಿ ಸಿಗುವವು ದೊಡ್ಡವು, ಕಡುಕಂದು ಬಣ್ಣದವು, ಎಣ್ಣೆ ಸವರಿದ ಸಾಸಿವೆಯ ಹಾಗೆ ಹೊಳೆಯುವವು. ಇವು ಒರಿಬ್ಯಾಟಿಡ್ ಗುಂಪಿನವು. ಮೈಮೇಲೆ ಗಟ್ಟಿ ಚಿಪ್ಪು, ನಡಿಗೆ ಬಹಳ ನಿಧಾನ. ಕೊಳೆತ ಎಲೆ, ಎಲೆಯ ಮೇಲಿನ ಬೂಸ್ಟು ಇವುಗಳ ಊಟ. ಪ್ರಪಂಚದಲ್ಲಿ ಹೆಸರಿಟ್ಟ ಒರಿಬ್ಯಾಟಿಡ್ ಜಾತಿಗಳೇ ಹತ್ತು ಸಾವಿರಕ್ಕೆ ಮೇಲಿವೆ. ಅವುಗಳಲ್ಲಿ ಗಲುಮ್ನಾ ಅನ್ನುವ ಕುಲದವಕ್ಕೆ ಭುಜದ ಎರಡೂ ಕಡೆ ರೆಕ್ಕೆಯಂಥ ಎರಡು ಫಲಕ. ಹಾರಲು ಅಲ್ಲ. ಅಪಾಯ ಬಂದಾಗ ಕಾಲುಗಳನ್ನು ಒಳಗೆ ಎಳೆದುಕೊಂಡು ಮೇಲಿನಿಂದ ಮುಚ್ಚಿಕೊಳ್ಳಲು. ಪೆಟ್ಟಿಗೆ ನುಸಿ ಅಂತ ಕರೆಯಬಹುದಾದ ಇನ್ನೊಂದು ಗುಂಪಿದೆ. ಅದನ್ನು ಸಣ್ಣ ಕುಂಚದಿಂದ ಮುಟ್ಟಿ ನೋಡಿ. ತಲೆಯ ಭಾಗವನ್ನೇ ಮಡಚಿ ಹೊಟ್ಟೆಯ ಕಡೆಗೆ ಮುಚ್ಚಿ, ದುಂಡಗೆ ಕೂತುಬಿಡುತ್ತದೆ. ಸ್ವಲ್ಪ ಹೊತ್ತು ಕಾದರೆ ಮತ್ತೆ ತೆರೆಯುತ್ತದೆ. ಇದನ್ನು ಪರದೆಯ ಮೇಲೆ ನೋಡಿದ ಮಕ್ಕಳು ನನ್ನ ಹತ್ತಿರ ಫೋನು ವಾಪಸು ಕೊಡಲೇ ಇಲ್ಲ.

ದರಕಿನ ಕೆಳಗೆ, ಕಪ್ಪು ಮಣ್ಣಿನೊಳಗೆ ಹೋದ ಹಾಗೆ ಬಣ್ಣ ಮಾಸುತ್ತದೆ, ಗಾತ್ರ ಇಳಿಯುತ್ತದೆ. ಕಾರಣ ಸರಳ. ನುಸಿಗಳಿಗೆ ಎರೆಹುಳುವಿನ ಹಾಗೆ ನೆಲ ಕೊರೆಯಲು ಬರುವುದಿಲ್ಲ. ಮಣ್ಣಿನ ಕಣಗಳ ನಡುವೆ ಇರುವ ಜಾಗದಲ್ಲೇ ಓಡಾಡಬೇಕು. ಆಳಕ್ಕೆ ಹೋದಷ್ಟೂ ಆ ಜಾಗ ಕಿರಿದು, ಆದ್ದರಿಂದ ಅಲ್ಲಿ ಬದುಕುವವರೂ ಸಣ್ಣವರು, ಬಿಳಿಚಿಕೊಂಡವರು. ಕೆಲವು ನುಸಿಗಳಂತೂ ಆಳದ ಮರಳು ಮಣ್ಣಿಗೆ ಹೊಂದಿಕೊಂಡು ಹುಳುವಿನ ಹಾಗೆ ಉದ್ದವಾಗಿಬಿಟ್ಟಿವೆ. ಅಂಥದ್ದೇ ಒಂದನ್ನು ಅಮೆರಿಕದ ಒಹಾಯೋ ರಾಜ್ಯದಲ್ಲಿ, ವಿಶ್ವವಿದ್ಯಾಲಯದ ಹತ್ತಿರದ ಮಣ್ಣಿನಲ್ಲೇ ಕಂಡು 2014ರಲ್ಲಿ ಹೊಸ ಜಾತಿ ಅಂತ ವರದಿ ಮಾಡಿದರು. ಬಹುಪಾಲು ನುಸಿಗಳು ಮಾತ್ರ ಮೇಲಿನ ಐದಾರು ಸೆಂಟಿಮೀಟರಿನಲ್ಲೇ ಇರುತ್ತವೆ. ನಾವು ಗುಡಿಸುವುದೂ, ತುಳಿಯುವುದೂ, ಮುಚ್ಚುವುದೂ ಆ ಪದರವನ್ನೇ ಅಲ್ವಾ?

ನಮ್ಮ ತೋಟದಲ್ಲಿ ಕೆಲಸದವರು ದಿನಾ ಓಡಾಡುವ ದಾರಿಯ ಮಣ್ಣನ್ನೂ, ಮರದ ಬುಡದಲ್ಲಿ ದರಕು ಹೊದಿಸಿದ ಕಡೆಯ ಮಣ್ಣನ್ನೂ ಪಕ್ಕ ಪಕ್ಕ ಲಾಳಿಕೆಗೆ ಹಾಕಿ ನೋಡಿದೆ. ದಾರಿಯ ಬಟ್ಟಲು ಹೆಚ್ಚುಕಡಿಮೆ ಖಾಲಿ. ಹೊದಿಕೆಯ ಕಡೆಯದರಲ್ಲಿ ಕಂದು, ಬಿಳಿ, ಕೆಂಪು ಎಲ್ಲಾ ಇದ್ದವು, ಜೊತೆಗೆ ಚಿಮ್ಮುವ ಪುಟ್ಟ ಜೀವಿಗಳಾದ ಸ್ಪ್ರಿಂಗ್‌ಟೇಲ್‌ಗಳು. ತುಳಿದು ಗಟ್ಟಿಯಾದ ನೆಲದಲ್ಲಿ ಓಡಾಡಲು ಸಂದೇ ಇಲ್ಲ. ಆಮೇಲೆ ನಾವು ತೋಟದಲ್ಲಿ ನಡೆಯುವ ದಾರಿ ಒಂದೇ ಇರಲಿ ಅಂತ ಮನೆಯವರ ಹತ್ತಿರ ಹೇಳಿ, ಅಡ್ಡಾದಿಡ್ಡಿ ಓಡಾಡುವುದನ್ನು ನಿಲ್ಲಿಸಿದ್ದೇವೆ. ಎರಡು ಸಾವಿರದ ಯಂತ್ರ ನಮ್ಮ ತೋಟಕ್ಕೆ ತಂದ ನೇರ ಬದಲಾವಣೆ ಇದು.

ಗೊಬ್ಬರಗುಂಡಿಯ ಲೋಕವೇ ಬೇರೆ. ಅಲ್ಲಿ ಓಡುವವರು ಜಾಸ್ತಿ. ಮೆಸೊಸ್ಟಿಗ್ಮಾಟಾ ಗುಂಪಿನ ಬೇಟೆಗಾರ ನುಸಿಗಳು, ಸುಮಾರು ಒಂದು ಮಿಲಿಮೀಟರ್ ಗಾತ್ರ, ತಿಳಿಗಂದು ಬಣ್ಣ. ಮುಂದಿನ ಜೋಡಿ ಕಾಲುಗಳನ್ನು ಮೀಸೆಯ ಹಾಗೆ ಗಾಳಿಯಲ್ಲಿ ಆಡಿಸುತ್ತ ಓಡುತ್ತವೆ. ಮ್ಯಾಕ್ರೋಕೀಲಿಸ್ ಎಂಬ ಕುಲದವು ಸಗಣಿಯಲ್ಲಿ ನೊಣದ ಮೊಟ್ಟೆ ತಿನ್ನುತ್ತವೆ, ಒಂದು ಸಗಣಿ ರಾಶಿಯಿಂದ ಇನ್ನೊಂದಕ್ಕೆ ಹೋಗಲು ಅದೇ ನೊಣದ ಮೈ ಹಿಡಿದುಕೊಂಡು ಹೋಗುತ್ತವೆ. ಇವುಗಳನ್ನು ಈ ಮೈಕ್ರೋಸ್ಕೋಪಿನಲ್ಲಿ ನೋಡುವುದು ಕಷ್ಟ. ಫೋಕಸ್ ಮಾಡುವಷ್ಟರಲ್ಲಿ ಚೌಕಟ್ಟು ದಾಟಿರುತ್ತವೆ. ಬಟ್ಟಲನ್ನು ಕೆಲವು ನಿಮಿಷ ಫ್ರಿಜ್ಜಿನಲ್ಲಿಟ್ಟರೆ ಚಳಿಗೆ ನಿಧಾನವಾಗುತ್ತವೆ, ಆಗ ಒಳ್ಳೆಯ ವಿಡಿಯೊ ಸಿಗುತ್ತದೆ.

ದನ ಸಾಕುವವರಿಗೆ ಇನ್ನೊಂದು ಮಾತು. ಕರುಗಳಿಗೆ, ಕುರಿಮರಿಗಳಿಗೆ ಬರುವ ಮೊನೀಜಿಯಾ ಎಂಬ ಲಾಡಿಹುಳು ಒರಿಬ್ಯಾಟಿಡ್ ನುಸಿಯ ಮೂಲಕವೇ ಹರಡುವುದು. ಸಗಣಿಯಲ್ಲಿರುವ ಹುಳುವಿನ ಮೊಟ್ಟೆಯನ್ನು ನುಸಿ ತಿನ್ನುತ್ತದೆ, ಹುಲ್ಲಿನ ಜೊತೆ ನುಸಿಯನ್ನು ಕರು ತಿನ್ನುತ್ತದೆ. 1937ರಲ್ಲಿ ಸ್ಟಂಕರ್ಡ್ ಎಂಬ ಅಮೆರಿಕದ ವಿಜ್ಞಾನಿ ಈ ಕೊಂಡಿಯನ್ನು ತೋರಿಸಿಕೊಟ್ಟರು. ಆ ನುಸಿಯೂ ಗಲುಮ್ನಾ ಕುಲದ್ದೇ. ಹಾಗಂತ ನುಸಿಯನ್ನು ಕೊಲ್ಲಲು ಹೊರಡುವುದು ಬೇಡ. ಕರುವಿಗೆ ಹೊತ್ತಿಗೆ ಸರಿಯಾಗಿ ಜಂತಿನ ಔಷಧಿ ಕೊಡಿಸಿದರೆ ಆಯಿತು.

ದರಕು ತರುವ ಕೆಲಸಕ್ಕೆ ಬರುವವರೊಬ್ಬರು ಪರದೆ ನೋಡಿ ಗಾಬರಿಯಾಗಿ ಕೇಳಿದರು, "ಅಮ್ಮಾ, ಇವೆಲ್ಲ ಉಣುಗಿನ ಮರಿಯಲ್ವಾ?" ಮಲೆನಾಡಿನಲ್ಲಿ ಈ ಪ್ರಶ್ನೆ ಸುಮ್ಮನೆ ಬರುವುದಲ್ಲ. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗೊತ್ತಾದ ಮಂಗನ ಕಾಯಿಲೆ ನಮ್ಮ ಜಿಲ್ಲೆಯನ್ನೂ ಬಿಟ್ಟಿಲ್ಲ. ಅದನ್ನು ಹರಡುವ ಉಣುಗಿನ ಮರಿಗಳು ದರಕಿನಲ್ಲೇ ಇರುತ್ತವೆ, ದರಕು ಗುಡಿಸುವ ತಿಂಗಳುಗಳಲ್ಲೇ ಚುರುಕಾಗಿರುತ್ತವೆ. ಉಣುಗು ಕೂಡ ನುಸಿಗಳ ದೊಡ್ಡ ಸಂಸಾರಕ್ಕೇ ಸೇರಿದ್ದು. ಮೈಕ್ರೋಸ್ಕೋಪಿನಲ್ಲಿ ಎರಡಕ್ಕೂ ವ್ಯತ್ಯಾಸ ಚೆನ್ನಾಗಿ ತೋರಿಸಬಹುದು. ಉಣುಗಿನ ಮೈ ಚಪ್ಪಟೆ, ಮುಂದೆ ಚಾಚಿಕೊಂಡ ಮೂತಿ, ಮೂತಿಯ ತುಂಬ ಹಿಮ್ಮುಖ ಹಲ್ಲು. ಮಣ್ಣಿನ ಒರಿಬ್ಯಾಟಿಡ್ ಉಬ್ಬಿದ ಮೈಯದು, ಅದಕ್ಕೆ ನಮ್ಮ ರಕ್ತ ಬೇಕಿಲ್ಲ. ಆದರೆ ಬರಿಗಣ್ಣಿನಲ್ಲಿ ಈ ಭೇದ ಮಾಡಲು ಹೋಗಬೇಡಿ. ಮಾದರಿಗೆ ದರಕು ತರಲು ಹೋಗುವಾಗ ಮೈತುಂಬ ಬಟ್ಟೆ ಇರಲಿ, ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೀಪಾ ಎಣ್ಣೆ ಹಚ್ಚಿಕೊಳ್ಳಿ, ಬಂದ ಕೂಡಲೇ ಬಿಸಿನೀರಲ್ಲಿ ಸ್ನಾನ ಮಾಡಿ, ಬಟ್ಟೆ ಬಿಸಿನೀರಿಗೆ ಹಾಕಿ. ಕಾಯಿಲೆ ಇರುವ ಕಡೆ, ಮಂಗ ಸತ್ತ ಸುದ್ದಿ ಇರುವ ಕಡೆ ಹೋಗಲೇಬೇಡಿ. ಮಕ್ಕಳಿಗೆ ತೋರಿಸಲು ಮನೆಯ ಹಿಂದಿನ ಗೊಬ್ಬರಗುಂಡಿಯೇ ಸಾಕು.

ಈ ಯಂತ್ರದಿಂದ ಆಗದ ಕೆಲಸ ಅಂದರೆ ಜಾತಿ ಗುರುತಿಸುವುದು. ಗುಂಪು ಹೇಳಬಹುದು, ಕೆಲವೊಮ್ಮೆ ಕುಲದವರೆಗೂ ಹೋಗಬಹುದು. ಒರಿಬ್ಯಾಟಿಡ್‌ಗಳ ತಲೆಯ ಹಿಂಭಾಗದಲ್ಲಿ ಗದೆಯಂತೆ ನಿಂತ ಎರಡು ಸಂವೇದನೆಯ ಕೂದಲುಗಳಿವೆ, ಅವು ಬೆಳಕು ಸರಿಯಾಗಿ ಬಿದ್ದರೆ ಕಾಣುತ್ತವೆ. ಅದಕ್ಕಿಂತ ಮುಂದೆ ಹೋಗಲು ನುಸಿಯನ್ನು ಲ್ಯಾಕ್ಟಿಕ್ ಆಮ್ಲದಲ್ಲಿಟ್ಟು ಪಾರದರ್ಶಕ ಮಾಡಿ, ದೊಡ್ಡ ಮೈಕ್ರೋಸ್ಕೋಪಿನಲ್ಲಿ ಕೂದಲು ಕೂದಲು ಎಣಿಸಬೇಕು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ನುಸಿಗಳ ಅಧ್ಯಯನಕ್ಕೆ ಹಳೆಯ ಹೆಸರಿದೆ. ನುಸಿ ತಜ್ಞ ಚನ್ನಬಸವಣ್ಣ ಅವರಂಥವರು ಅಲ್ಲಿ ಕೆಲಸ ಮಾಡಿದರು, 1986ರಲ್ಲಿ ನುಸಿ ವಿಜ್ಞಾನಿಗಳ ಅಂತರರಾಷ್ಟ್ರೀಯ ಸಮ್ಮೇಳನ ಬೆಂಗಳೂರಿನಲ್ಲೇ ನಡೆಯಿತು. ಹಾಗಾಗಿ ನಾನು ಸ್ಪಿರಿಟಿನ ಪುಟ್ಟ ಸೀಸೆಗಳಲ್ಲಿ ಜಾಗ, ತಾರೀಕು, ಎಷ್ಟು ಆಳ ಅಂತ ಪೆನ್ಸಿಲಿನಲ್ಲಿ ಬರೆದ ಚೀಟಿ ಹಾಕಿ ಇಡುತ್ತೇನೆ. ಪೆನ್ನಿನ ಶಾಯಿ ಸ್ಪಿರಿಟಿನಲ್ಲಿ ಕರಗುತ್ತದೆ. ಚೀಟಿ ಇಲ್ಲದ ಸೀಸೆ ಯಾವ ತಜ್ಞರಿಗೂ ಪ್ರಯೋಜನವಿಲ್ಲ.

ಯಾಕೆ ಇಷ್ಟು ಚೀಟಿಯ ಹುಚ್ಚು ಅಂದರೆ, ಯಾವ ನುಸಿ ಎಲ್ಲಿದೆ ಅನ್ನುವುದೇ ಇವುಗಳ ಕಥೆಯಲ್ಲಿ ದೊಡ್ಡದು. ಆಪಿಯೆಲ್ಲಾ ನೋವಾ ಅಂತ ಒಂದಿದೆ, ಸುಮಾರು 0.3 ಮಿ.ಮೀ., ಗಂಡಿನ ಹಂಗಿಲ್ಲದೆ ಹೆಣ್ಣುಗಳೇ ಸಂತಾನ ಬೆಳೆಸುವ ಜಾತಿ. ಅದು ಪ್ರಪಂಚದ ತುಂಬ ಸಿಗುತ್ತದೆ. ಆರ್ಕೆಗೊಜೀಟಿಸ್ ಲಾಂಜಿಸೆಟೋಸಸ್ ಇನ್ನೊಂದು, ಒಂದು ಮಿಲಿಮೀಟರಿನ ಆಸುಪಾಸು, ಉಷ್ಣವಲಯದ ಉದ್ದಗಲಕ್ಕೂ ಹರಡಿದೆ. ಅದು ಉಗುರಿನಿಂದ ಹಿಡಿದರೆ ತನ್ನ ತೂಕದ ಸಾವಿರ ಪಟ್ಟಿಗೂ ಮೀರಿದ ಎಳೆತವನ್ನು ತಡೆಯುತ್ತದೆ ಅಂತ 2007ರಲ್ಲಿ ಜರ್ಮನಿಯವರು ಅಳೆದು ಹೇಳಿದರು. ಅಂಟಾರ್ಟಿಕಾದ ಕಲ್ಲುಗಳ ಕೆಳಗೂ ಅಲಾಸ್ಕೊಜೀಟಿಸ್ ಅಂಟಾರ್ಕ್ಟಿಕಸ್ ಬದುಕಿದೆ. ಸ್ಕಾಟ್ಲೆಂಡಿನ ರೈನಿ ಎಂಬಲ್ಲಿನ ಕಲ್ಲಿನಲ್ಲಿ ಸಿಕ್ಕ ನುಸಿಗೆ ನಲವತ್ತು ಕೋಟಿ ವರ್ಷ ದಾಟಿದೆ. ಕಾಡಿನ ಲೆಕ್ಕಕ್ಕೆ ಬಂದರೆ, ಉತ್ತರದ ಚಳಿ ದೇಶಗಳ ಸ್ಪ್ರೂಸ್, ಪೈನ್ ಕಾಡಿನ ಒಂದು ಚದರ ಮೀಟರ್ ನೆಲದಲ್ಲಿ ಒರಿಬ್ಯಾಟಿಡ್‌ಗಳು ಲಕ್ಷಗಟ್ಟಲೆ ಇರಬಲ್ಲವು. ನಮ್ಮಂಥ ಬಿಸಿ, ತೇವದ ನೆಲದಲ್ಲಿ ಸಾವಿರಗಳ ಲೆಕ್ಕ. ಅಲ್ಲಿ ಎಲೆ ಕೊಳೆಯುವುದು ನಿಧಾನ, ದಪ್ಪ ಪದರ ಕೂಡಿಕೊಳ್ಳುತ್ತದೆ. ಇಲ್ಲಿ ಒಂದು ಮಳೆಗಾಲಕ್ಕೇ ಎಲೆ ಅರ್ಧ ಕರಗಿರುತ್ತದೆ.

ಕಾಗದ ಮಡಚಿ ಮಾಡಿದ ಮೈಕ್ರೋಸ್ಕೋಪ್, ಅಂದರೆ ಫೋಲ್ಡ್‌ಸ್ಕೋಪ್ ಚೆನ್ನಾಗಿಲ್ವಾ ಅಂತ ಕೇಳುವವರಿದ್ದಾರೆ. ಬಹಳ ಚೆನ್ನಾಗಿದೆ. ಸ್ಟ್ಯಾನ್‌ಫರ್ಡಿನ ಮನು ಪ್ರಕಾಶ್ ತಂಡ 2014ರಲ್ಲಿ ಪರಿಚಯಿಸಿದ್ದು, 140 ಪಟ್ಟು ದೊಡ್ಡದು ಮಾಡುತ್ತದೆ. ಆದರೆ ಅದು ಬೆಳಕು ಹಾಯ್ದುಹೋಗುವ ತೆಳು ವಸ್ತುಗಳಿಗಾಗಿ ಮಾಡಿದ್ದು. ಕೊಳದ ನೀರು, ಪರಾಗ, ಈರುಳ್ಳಿ ಸಿಪ್ಪೆ, ಬಿಳಿಚಿದ ಪುಟ್ಟ ನುಸಿಗಳಿಗೆ ಅದೇ ವಾಸಿ. ಗಟ್ಟಿ ಚಿಪ್ಪಿನ ದುಂಡು ನುಸಿಗೆ ಮೇಲಿನಿಂದ ಬೆಳಕು ಬೀಳಬೇಕು, ಅಲ್ಲಿ ಈ ಯುಎಸ್‌ಬಿ ಯಂತ್ರ ಗೆಲ್ಲುತ್ತದೆ. ಜೇಬಿನಲ್ಲಿ ಹತ್ತು ಪಟ್ಟಿನ ಒಂದು ಕೈ ಲೆನ್ಸ್ ಕೂಡ ಇರಲಿ. ಬಟ್ಟಲಿನಲ್ಲಿ ಏನಾದರೂ ಬಿದ್ದಿದೆಯಾ ಅಂತ ನೋಡಲು ಅದರಷ್ಟು ಬೇಗದ ಸಾಧನ ಇಲ್ಲ.

ತೊಂದರೆಗಳೂ ಇವೆ. ಜೊತೆಗೆ ಬರುವ ಸ್ಟ್ಯಾಂಡು ಉಸಿರಿಗೂ ಅಲುಗುತ್ತದೆ. ನಾನು ಮರದ ತುಂಡಿಗೆ ತೂತು ಹೊಡೆಸಿ ಅದರಲ್ಲಿ ಕೂರಿಸಿದ್ದೇನೆ, ಈಗ ಚಿತ್ರ ನಿಂತಿದೆ. ಎಂಟು ದೀಪಗಳ ಪ್ರತಿಬಿಂಬ ಹೊಳೆಯುವ ಚಿಪ್ಪಿನ ಮೇಲೆ ಎಂಟು ಬಿಳಿ ಚುಕ್ಕೆಯಾಗಿ ಬೀಳುತ್ತದೆ. ಮೂತಿಯ ಒಳಗೆ ಉಂಗುರದಂತೆ ಬಟರ್ ಪೇಪರ್ ಅಂಟಿಸಿದರೆ ಬೆಳಕು ಮೃದುವಾಗುತ್ತದೆ, ಬೆನ್ನಿನ ಕೂದಲೂ ಕಾಣುತ್ತದೆ. ಡಬ್ಬಿಯ ಕ್ಯೂಆರ್ ಕೋಡು ಕರೆದುಕೊಂಡು ಹೋಗುವ ಆ್ಯಪ್ ಬೇಡದ ಅನುಮತಿಗಳನ್ನೆಲ್ಲ ಕೇಳಿತು, ನಾನು ಅದನ್ನು ತೆಗೆದು ಪ್ಲೇಸ್ಟೋರಿನ ಸಾಮಾನ್ಯ ಯುಎಸ್‌ಬಿ ಕ್ಯಾಮೆರಾ ಆ್ಯಪ್ ಹಾಕಿಕೊಂಡೆ. ವೈಫೈ ಇರುವ ಮಾದರಿ ಕೂಡ ಬರುತ್ತದೆ, ನೆಂಟರ ಮನೆಯಲ್ಲಿ ನೋಡಿದೆ. ಚಿತ್ರ ತಡವಾಗಿ ಬರುತ್ತದೆ, ಓಡುವ ನುಸಿಗೆ ಅದು ಆಗದು. ವೈರಿನದೇ ತೆಗೆದುಕೊಳ್ಳಿ.

ಮಕ್ಕಳಿರುವ ಮನೆಗೆ, ಹೈಸ್ಕೂಲಿನ ಜೀವಶಾಸ್ತ್ರದ ಮೇಷ್ಟ್ರಿಗೆ, ಸಾವಯವ ಗೊಬ್ಬರ ಮಾಡುವವರಿಗೆ, ನನ್ನ ಹಾಗೆ ತೋಟದ ನೆಲ ಹೇಗಿದೆ ಅಂತ ತಿಳಿಯಬೇಕಾದವರಿಗೆ ಧೈರ್ಯವಾಗಿ ಕೊಳ್ಳಿ ಅಂತ ಹೇಳುತ್ತೇನೆ. ಸಂಶೋಧನೆ ಮಾಡುವ ವಿದ್ಯಾರ್ಥಿಗೆ, ಬ್ಯಾಕ್ಟೀರಿಯಾ ನೋಡಬೇಕು ಅನ್ನುವವರಿಗೆ ಇದು ಬೇಡ. ತರಿಸುವ ಮೊದಲು ಎರಡು ವಿಷಯ ಖಾತ್ರಿ ಮಾಡಿಕೊಳ್ಳಿ. ನಿಮ್ಮ ಫೋನಿನಲ್ಲಿ ಓಟಿಜಿ ಇದೆಯಾ, ಮತ್ತು ಪಿನ್ನು ಟೈಪ್ ಸಿ ಇದೆಯಾ ಅಂತ. ಮಳೆಗಾಲದಲ್ಲಿ ಮಲೆನಾಡಿನ ಗಾಳಿಗೆ ಲೆನ್ಸಿನ ಮೇಲೆ ಬೂಸ್ಟು ಬಂದೇ ಬರುತ್ತದೆ. ಕೆಲಸ ಮುಗಿದ ಮೇಲೆ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಪೊಟ್ಟಣ ಒದ್ದೆಯಾದರೆ ಒಲೆಯ ಹತ್ತಿರ ಒಣಗಿಸಿ ಮತ್ತೆ ಹಾಕಬಹುದು.